ವ್ಯಾಪಾರದ ವೆಬ್‌ಸೈಟಿನಲ್ಲಿ ಯಾವುದು ಯಾರದು?

ವ್ಯಾಪಾರದ ವೆಬ್‌ಸೈಟ್ ಒಬ್ಬರ ಹೆಸರಿನಲ್ಲಿದ್ದರೂ ಅದರೊಳಗೆ ಹಲವರ ದುಡಿಮೆ ಸೇರಿರುತ್ತದೆ. ಅಂಗಡಿಯ ಹೆಸರು, ಲಾಂಛನ, ಫೋಟೋ, ಸರಕಿನ ವಿವರಣೆ, ಹಿನ್ನೆಲೆಯ ಹಾಡು, ವಿಡಿಯೊ, ಅಕ್ಷರವಿನ್ಯಾಸ, ಪುಟಗಳನ್ನು ನಡೆಸುವ ಕೋಡ್ ಎಲ್ಲವನ್ನೂ ಯಾರೋ ಕೂತು ಮಾಡಿದ್ದಾರೆ. ಮಾಡಿದವರಿಗೆ ಕಾನೂನು ಹಕ್ಕು ಕೊಟ್ಟಿದೆ. ಈ ಹಕ್ಕುಗಳಿಗೆ ಒಟ್ಟಾಗಿ ಬೌದ್ಧಿಕ ಆಸ್ತಿ ಎಂದು ಹೆಸರು. ಬರೆಹ, ಚಿತ್ರ, ಸಂಗೀತ, ನಾಟ್ಯ, ಸಾಫ್ಟ್‌ವೇರ್‌ಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಯಿದೆ. ವ್ಯಾಪಾರದ ಹೆಸರು ಮತ್ತು ಗುರುತುಗಳಿಗೆ 1999ರ ಟ್ರೇಡ್‌ಮಾರ್ಕ್ ಕಾಯ್ದೆ, ಊರಿನ ಹೆಸರಿನಿಂದಲೇ ಬೆಲೆ ಪಡೆದ ಸರಕುಗಳಿಗೆ ಅದೇ ವರ್ಷದ ಭೌಗೋಳಿಕ ಸೂಚಕಗಳ ಕಾಯ್ದೆ ಇದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಇಂದು ಕಡಲ ಬದಿಯ ಹೋಂ ಸ್ಟೇ, ಕೊಲ್ಲೂರಿನ ವಸತಿಗೃಹ, ಗೋಡಂಬಿ ಕಾರ್ಖಾನೆ, ಮೀನು ವ್ಯಾಪಾರ, ಸೀರೆ ಅಂಗಡಿ, ಊಟದ ಹೋಟೆಲು ಎಲ್ಲಕ್ಕೂ ವೆಬ್‌ಸೈಟ್ ಬೇಕಾಗಿದೆ. ದೂರದ ಗಿರಾಕಿ ಮೊದಲು ನೋಡುವುದು ಅದನ್ನೇ. ಅದನ್ನು ಕಟ್ಟುವಾಗ ಪ್ರತಿಯೊಂದು ವಸ್ತುವಿನ ಬಗ್ಗೆಯೂ ಇದು ಯಾರದು, ನಮ್ಮಲ್ಲಿಗೆ ಹೇಗೆ ಬಂತು, ಬಳಸಲು ಒಪ್ಪಿಗೆ ಎಲ್ಲಿದೆ ಎಂದು ಕೇಳಿಕೊಳ್ಳಬೇಕು. ಈ ಪ್ರಶ್ನೆಗಳಿಗೆ ಉತ್ತರವಿದ್ದರೆ ವೆಬ್‌ಸೈಟಿನ ಕಾನೂನು ತೊಡಕಿನ ಬಹುಪಾಲು ಮೊದಲೇ ಬಗೆಹರಿದಂತೆ.

ಕೋಟದ ಕಾರಂತರು ಮತ್ತು ಏಳು ಪ್ರಸಂಗಗಳು

ಯಾವುದರ ಮೇಲೆ ಹಕ್ಕಿರುತ್ತದೆ, ಯಾವುದರ ಮೇಲೆ ಇರುವುದಿಲ್ಲ ಎಂಬುದನ್ನು ತಿಳಿಯಲು ಈ ಸೀಮೆಯಲ್ಲೇ ದೊಡ್ಡ ಉದಾಹರಣೆಯಿದೆ. ಬ್ರಹ್ಮಾವರ ತಾಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಯಕ್ಷಗಾನದ ವೇಷ, ಕುಣಿತ, ಹಾಡುಗಾರಿಕೆಗಳನ್ನು ಹೊಸದಾಗಿ ಹೊಂದಿಸಿ 'ಯಕ್ಷರಂಗ' ಎಂಬ ನೃತ್ಯರೂಪಕದ ಮಾದರಿಯನ್ನು ಕಟ್ಟಿದರು. ಭೀಷ್ಮವಿಜಯ, ನಳದಮಯಂತಿ, ಅಭಿಮನ್ಯು ವಧೆ, ಪಂಚವಟಿ ಮೊದಲಾದ ಏಳು ಪ್ರಸಂಗಗಳನ್ನು ಅದಕ್ಕಾಗಿ ಸಿದ್ಧಪಡಿಸಿದರು. 1994ರಲ್ಲಿ ಬರೆದ ಉಯಿಲಿನ ಮೂಲಕ ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಎಂಬವರಿಗೆ ಬಿಟ್ಟುಕೊಟ್ಟರು. 1997ರಲ್ಲಿ ತೀರಿಕೊಂಡರು.

2001ರ ಸೆಪ್ಟೆಂಬರ್ 18ರಂದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯವರು ದೆಹಲಿಯಲ್ಲಿ 'ಅಭಿಮನ್ಯು ವಧೆ' ಆಡಿದರು. ಒಪ್ಪಿಗೆ ಪಡೆಯದೆ ಆಡಿದ್ದಾರೆಂದು ಮಾಲಿನಿ ಮಲ್ಯ ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ತೀರ್ಪು ಅವರ ಪರವಾಗಿ ಬಂದು, ಪ್ರದರ್ಶನಕ್ಕೆ ತಡೆಯಾಜ್ಞೆಯಾಯಿತು. ಸಂಸ್ಥೆ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2009ರ ಜನವರಿಯಲ್ಲಿ ಬಂದ ಅಂತಿಮ ತೀರ್ಪು ಹಕ್ಕು ಮಾಲಿನಿ ಮಲ್ಯ ಅವರಲ್ಲಿದೆ ಎಂಬುದನ್ನು ಒಪ್ಪಿತು; ಶಿಕ್ಷಣ ಸಂಸ್ಥೆಗಳಿಗೂ ಹಣ ಪಡೆಯದೆ ಆಡುವ ಹವ್ಯಾಸಿ ತಂಡಗಳಿಗೂ ಕಾಯ್ದೆಯ 52ನೇ ಕಲಮು ಕೊಡುವ ವಿನಾಯಿತಿ ಈ ಸಂಸ್ಥೆಗೂ ಸಿಗುವಂತೆ ತಡೆಯಾಜ್ಞೆಯನ್ನು ತಿದ್ದಿತು.

ವೆಬ್‌ಸೈಟ್ ಕಟ್ಟುವವರಿಗೆ ಈ ಪ್ರಕರಣದಲ್ಲಿ ಕಲಿಯುವುದು ಬಹಳವಿದೆ. ಅಭಿಮನ್ಯುವಿನ ಕಥೆ ಮಹಾಭಾರತದ್ದು, ಅದಕ್ಕೆ ಯಾರೂ ಒಡೆಯರಲ್ಲ. ಮಂದಾರ್ತಿ ಮೇಳ, ಮಾರಣಕಟ್ಟೆ ಮೇಳ, ಸಾಲಿಗ್ರಾಮ ಮೇಳ ಯಾವುದೂ ಅದನ್ನು ಆಡಬಹುದು. ಬಡಗುತಿಟ್ಟಿನ ಕೇದಗೆ ಮುಂದಲೆ, ಕಿರೀಟ, ತಲೆತಲಾಂತರದಿಂದ ಬಂದ ಹೆಜ್ಜೆಗಾರಿಕೆ ಕೂಡ ಎಲ್ಲರದೂ. ಕಾರಂತರು ಆ ಕಥೆಗೆ ಕೊಟ್ಟ ರೂಪ, ವೇಷದ ಹೊಂದಿಕೆ, ನೃತ್ಯ ಸಂಯೋಜನೆ, ನಿರ್ದೇಶನ ಮಾತ್ರ ರಕ್ಷಣೆಗೆ ಒಳಪಟ್ಟವು. ಕೃತಿಸ್ವಾಮ್ಯ ಇರುವುದು ವಿಷಯಕ್ಕಲ್ಲ, ಅದನ್ನು ಹೇಳಿದ ಬಗೆಗೆ.

ವಿನಾಯಿತಿಯ ಗೆರೆ ಎಲ್ಲಿದೆ ಎಂಬುದೂ ಇಲ್ಲಿ ಕಾಣುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು, ಅಧ್ಯಾಪಕರು ಸೇರಿ ತಾಯ್ತಂದೆಯರ ಎದುರು ಆಡುವುದಕ್ಕೆ ಕಾನೂನು ಅಡ್ಡ ಬರುವುದಿಲ್ಲ. ರೂಮು ಬಾಡಿಗೆಗೆ ಕೊಡುವ, ಸರಕು ಮಾರುವ ವೆಬ್‌ಸೈಟಿಗೆ ಆ ರಿಯಾಯಿತಿ ಅನ್ವಯಿಸದು. ಲಾಭದ ಉದ್ದೇಶದ ಬಳಕೆಗೆ ಒಪ್ಪಿಗೆ ಬೇಕೇ ಬೇಕು.

ಅಡುಗೆಗೂ ಇದೇ ನಿಯಮ. ಕುಂದಾಪುರದ ಶೆಟ್ಟಿ ಲಂಚ್ ಹೋಂನಲ್ಲಿ ಹುಟ್ಟಿತೆಂದು ಹೆಸರಾದ ಕೋಳಿ ಘೀ ರೋಸ್ಟನ್ನು ಇಂದು ಊರೂರಿನ ಹೋಟೆಲುಗಳು ಮಾಡುತ್ತವೆ. ಬ್ಯಾಡಗಿ ಮೆಣಸು, ತುಪ್ಪ, ಹುಳಿ ಸೇರಿಸಿ ಹುರಿಯುವ ಕ್ರಮಕ್ಕೆ ಕೃತಿಸ್ವಾಮ್ಯವಿಲ್ಲ. ಆ ಖಾದ್ಯವನ್ನು ಮೆನುವಿನಲ್ಲಿ ಹಾಕಲು ಯಾರ ಅಪ್ಪಣೆಯೂ ಬೇಡ. ಆದರೆ ಇನ್ನೊಂದು ಹೋಟೆಲಿನ ವೆಬ್‌ಸೈಟಿನಲ್ಲಿ ಆ ಖಾದ್ಯದ ಬಗ್ಗೆ ಬರೆದ ವಾಕ್ಯಗಳನ್ನೋ ಅವರು ತೆಗೆಸಿದ ತಟ್ಟೆಯ ಫೋಟೋವನ್ನೋ ಎತ್ತಿಕೊಂಡರೆ ಅದು ಉಲ್ಲಂಘನೆ.

ಫೋಟೋ ಎಲ್ಲಿಂದ ಬಂತು?

ವೆಬ್‌ಸೈಟುಗಳಲ್ಲಿ ಹೆಚ್ಚು ತಪ್ಪು ನಡೆಯುವುದು ಫೋಟೋಗಳಲ್ಲಿ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ ಇರುವ ಮರವಂತೆಯ ಡ್ರೋನ್ ಚಿತ್ರಗಳು ಗೂಗಲ್‌ನಲ್ಲಿ ಹುಡುಕಿದ ಕೂಡಲೇ ನೂರಾರು ಬರುತ್ತವೆ. ಗೂಗಲ್ ಚಿತ್ರಗಳನ್ನು ಹುಡುಕಿ ತೋರಿಸುತ್ತದೆಯೇ ಹೊರತು ಬಳಸುವ ಹಕ್ಕನ್ನು ಕೊಡುವುದಿಲ್ಲ. ಚಿತ್ರದ ಮೇಲೆ ಹೆಸರು ಇಲ್ಲದಿದ್ದರೂ, ಕೃತಿಸ್ವಾಮ್ಯದ ಗುರುತು ಕಾಣದಿದ್ದರೂ ಹಕ್ಕು ಇದ್ದೇ ಇರುತ್ತದೆ. ಭಾರತದಲ್ಲಿ ಕೃತಿ ಹುಟ್ಟಿದ ಗಳಿಗೆಯಲ್ಲೇ ಹಕ್ಕೂ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಚಿತ್ರದ ಕೆಳಗೆ 'ಕೃಪೆ: ಇಂಟರ್ನೆಟ್' ಎಂದು ಬರೆದರೆ ಒಪ್ಪಿಗೆ ಪಡೆದಂತಾಗುವುದಿಲ್ಲ. ಬಣ್ಣ ಬದಲಿಸಿ, ಅಂಚು ಕತ್ತರಿಸಿ, ಹೆಸರಿನ ಗುರುತನ್ನು ಅಳಿಸಿ ಹಾಕಿದರೆ ತಪ್ಪು ಇನ್ನಷ್ಟು ದೊಡ್ಡದಾಗುತ್ತದೆ. ಕೃತಿಯನ್ನು ಕೆಡಿಸದಂತೆ ತಡೆಯುವ ಮತ್ತು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಕಲಮು ಕರ್ತೃವಿಗೆ ಕೊಟ್ಟಿದೆ.

ಇದಕ್ಕೆ ಸುಲಭದ ದಾರಿ ಊರಲ್ಲೇ ಇದೆ. ಕುಂದಾಪುರ, ಬ್ರಹ್ಮಾವರಗಳಲ್ಲಿ ಒಳ್ಳೆಯ ಛಾಯಾಗ್ರಾಹಕರಿಗೆ ಕೊರತೆಯಿಲ್ಲ. ಹಣ ಕೊಟ್ಟು ಹೋಟೆಲಿನ, ಕಾರ್ಖಾನೆಯ, ಸರಕಿನ ಫೋಟೋ ತೆಗೆಸಿದರೆ, ಬೇರೆ ಕರಾರು ಇಲ್ಲದಿದ್ದಾಗ, 17ನೇ ಕಲಮಿನ ಪ್ರಕಾರ ತೆಗೆಸಿದವರೇ ಮೊದಲ ಹಕ್ಕುದಾರರು. ಛಾಯಾಗ್ರಾಹಕ ಮೊದಲೇ ತೆಗೆದಿಟ್ಟ ಚಿತ್ರವನ್ನು ಕೊಂಡರೆ ಹಾಗಲ್ಲ. ಅಲ್ಲಿ ಸಿಗುವುದು ಬಳಕೆಯ ಪರವಾನಗಿ ಮಾತ್ರ. ವೆಬ್‌ಸೈಟಿಗೆಂದು ಪಡೆದದ್ದನ್ನು ಹೆದ್ದಾರಿಯ ಫ್ಲೆಕ್ಸಿಗೂ ಕ್ಯಾಲೆಂಡರಿಗೂ ಹಾಕಬಹುದೇ ಎಂಬುದು ಪರವಾನಗಿಯಲ್ಲಿ ಬರೆದಿರಬೇಕು.

ಪತ್ರಿಕೆಯಲ್ಲಿ ಅಂಗಡಿಯ ಬಗ್ಗೆ ಬಂದ ವರದಿಯನ್ನು ಸ್ಕ್ಯಾನ್ ಮಾಡಿ ಹಾಕುವುದು ಸಾಮಾನ್ಯ ರೂಢಿ. ವರದಿ ಅಂಗಡಿಯನ್ನೇ ಹೊಗಳಿದ್ದರೂ ಅದರ ಹಕ್ಕು ಪತ್ರಿಕೆಯದು. ಪತ್ರಿಕೆಯ ಪುಟಕ್ಕೆ ಲಿಂಕ್ ಕೊಡುವುದು, ಇಲ್ಲವೇ ಬರೆದು ಕೇಳಿ ಒಪ್ಪಿಗೆ ಪಡೆಯುವುದು ಸರಿಯಾದ ಕ್ರಮ. ಗಿರಾಕಿಗಳು ಬೇರೆ ತಾಣಗಳಲ್ಲಿ ಬರೆದ ವಿಮರ್ಶೆಗಳಿಗೂ ಇದೇ ಮಾತು.

ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪದ, ಕಟ್ಟಡದ ಫೋಟೋ ತೆಗೆದು ಪ್ರಕಟಿಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಆದರೆ ಕೃತಿಸ್ವಾಮ್ಯದ ತೊಡಕು ಇಲ್ಲದಲ್ಲೂ ಬೇರೆ ಕಟ್ಟುಪಾಡುಗಳು ಇರುತ್ತವೆ. ದೇವಸ್ಥಾನದ ಗರ್ಭಗುಡಿಯ ಚಿತ್ರ ತೆಗೆಯಬಾರದೆಂಬ ನಿಯಮವಿದ್ದರೆ ಅದನ್ನು ಪಾಲಿಸಬೇಕು. ದೈವದ ಕೋಲದ ಚಿತ್ರವನ್ನು ಹೋಟೆಲಿನ ಜಾಹೀರಾತಿಗೆ ಬಳಸುವ ಮೊದಲು ದೈವಸ್ಥಾನದವರನ್ನೂ ಕೋಲ ಕಟ್ಟಿದವರನ್ನೂ ಕೇಳಬೇಕು. ನಂಬಿಕೆಯವರ ಮನಸ್ಸು ನೋಯಿಸಿ ಗಿರಾಕಿಗಳನ್ನು ಕರೆಯುವುದು ವ್ಯಾಪಾರಕ್ಕೂ ಒಳ್ಳೆಯದಲ್ಲ.

ಎಷ್ಟು ಕಾಲದ ಹಕ್ಕು?

ಬರೆಹ, ಚಿತ್ರ, ಸಂಗೀತ ಕೃತಿಗಳ ಹಕ್ಕು ಕರ್ತೃವಿನ ಜೀವಮಾನ ಮತ್ತು ಮರಣಾನಂತರ 60 ವರ್ಷ ಉಳಿಯುತ್ತದೆ. ಲೆಕ್ಕ ಶುರುವಾಗುವುದು ಮರಣದ ಮರುವರ್ಷದ ಜನವರಿಯಿಂದ. ನಂದಳಿಕೆಯ ಮುದ್ದಣ ತೀರಿಕೊಂಡದ್ದು 1901ರಲ್ಲಿ, ಪಂಜೆ ಮಂಗೇಶರಾಯರು 1937ರಲ್ಲಿ. ಅವರ ಮೂಲ ಬರೆಹಗಳನ್ನು ಇಂದು ಯಾರು ಬೇಕಾದರೂ ಬಳಸಬಹುದು. ಬೈಂದೂರಿನ ಬಳಿಯ ಮೊಗೇರಿಯಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು 1992ರಲ್ಲಿ ನಿಧನರಾದರು. ಅವರ ಕವಿತೆಗಳ ಹಕ್ಕು 2052ರ ಕೊನೆಯವರೆಗೆ ಇದೆ. ಕಾರಂತರ ಕೃತಿಗಳ ಹಕ್ಕು 2057ರ ಕೊನೆಯವರೆಗೆ. ಕಡಲಿನ ಚಿತ್ರದ ಮೇಲೆ ಅಡಿಗರ ಕವಿತೆಯನ್ನು ಅಚ್ಚುಹಾಕಲು ಬಯಸುವ ರೆಸಾರ್ಟ್ ಮೊದಲು ಹಕ್ಕುದಾರರನ್ನು ಕೇಳಬೇಕು. ಹಳೆಯ ಕೃತಿಯಾದರೂ ಈಚಿನ ಸಂಪಾದಕರು ಬರೆದ ಮುನ್ನುಡಿ, ಟಿಪ್ಪಣಿಗಳಿಗೆ ಬೇರೆಯೇ ಹಕ್ಕಿರುತ್ತದೆ ಎಂಬುದೂ ನೆನಪಿರಬೇಕು.

ಹಾಡು, ವಿಡಿಯೊ, ವೇಷ

ಸಿನಿಮಾ ಹಾಡು ಹಿನ್ನೆಲೆಯಲ್ಲಿದ್ದರೆ ವಿಡಿಯೊ ಬೇಗ ಹರಡುತ್ತದೆ ಎಂಬ ಆಸೆ ಹಲವರಿಗೆ. ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರಕ್ಕೂ ಬೇರೆಬೇರೆ ಹಕ್ಕುಗಳಿವೆ. ಇನ್‌ಸ್ಟಾಗ್ರಾಂ ತನ್ನ ಬಳಕೆದಾರರಿಗೆ ಕೊಡುವ ಹಾಡುಗಳ ಸೌಲಭ್ಯ ಆ ಆ್ಯಪ್‌ನ ಒಳಗೆ, ಅದರ ಷರತ್ತುಗಳಿಗೆ ಒಳಪಟ್ಟು ಮಾತ್ರ. ಅದೇ ವಿಡಿಯೊವನ್ನು ಸ್ವಂತ ವೆಬ್‌ಸೈಟಿಗೆ ತಂದರೆ ಪರವಾನಗಿ ಇಲ್ಲದಂತಾಗುತ್ತದೆ.

ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ ಚಿತ್ರಿತವಾಗಿ 2022ರ ಸೆಪ್ಟೆಂಬರ್ 30ರಂದು ತೆರೆಕಂಡ 'ಕಾಂತಾರ'ದ 'ವರಾಹ ರೂಪಂ' ಹಾಡಿನ ವಿವಾದ ಇಲ್ಲಿನವರಿಗೆ ಚೆನ್ನಾಗಿ ಗೊತ್ತು. ಆ ಹಾಡು ತಮ್ಮ 'ನವರಸಂ' ಹಾಡನ್ನು ಹೋಲುತ್ತದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ನ್ಯಾಯಾಲಯಕ್ಕೆ ಹೋಯಿತು. ಚಿತ್ರತಂಡ ಆರೋಪವನ್ನು ಅಲ್ಲಗಳೆಯಿತು. ಕೋಯಿಕ್ಕೋಡಿನ ನ್ಯಾಯಾಲಯ ಅಕ್ಟೋಬರ್‌ನಲ್ಲಿ ಹಾಡಿಗೆ ಮಧ್ಯಂತರ ತಡೆ ಕೊಟ್ಟಿತು. ನವೆಂಬರ್‌ನಲ್ಲಿ ಚಿತ್ರ ಒಟಿಟಿಗೆ ಬಂದಾಗ ಬೇರೆ ಧಾಟಿಯ ಹಾಡು ಕೇಳಿಸಿತು. ಮೂಲ ಹಾಡು ಆಮೇಲೆ ಮರಳಿತು. ದಾವೆ ಎಲ್ಲಿ ಬರಬಹುದು ಎಂಬುದನ್ನೂ ಗಮನಿಸಬೇಕು. ಕೃತಿಸ್ವಾಮ್ಯದ ದಾವೆಯನ್ನು ಹಕ್ಕುದಾರರು ತಾವು ನೆಲೆಸಿರುವ, ವ್ಯವಹಾರ ನಡೆಸುವ ಊರಿನಲ್ಲೇ ಹೂಡಲು 62ನೇ ಕಲಮು ಅವಕಾಶ ಕೊಡುತ್ತದೆ. ಬೈಂದೂರಿನ ವೆಬ್‌ಸೈಟಿನ ಮೇಲೆ ಮುಂಬೈಯಲ್ಲಿ ದಾವೆ ಬರಬಹುದು. ಉತ್ತರ ಕೊಡಲು ಅಲ್ಲಿಯವರೆಗೆ ಹೋಗಬೇಕಾಗಬಹುದು. ಸಿನಿಮಾದ ಪೋಸ್ಟರ್, ದೃಶ್ಯಗಳ ಚಿತ್ರ ನಿರ್ಮಾಪಕರ ಆಸ್ತಿ. ನಟರ ಮುಖವನ್ನು ಜಾಹೀರಾತಿಗೆ ಬಳಸಲು ನಟರ ಒಪ್ಪಿಗೆಯೂ ಬೇಕು.

ಯಕ್ಷಗಾನ ಕಲಾವಿದರ ಹಕ್ಕನ್ನು ಪ್ರತ್ಯೇಕವಾಗಿ ಹೇಳಬೇಕು. ಪ್ರಸಂಗ ಎಷ್ಟೇ ಹಳೆಯದಾದರೂ ಇವತ್ತು ರಾತ್ರಿ ರಂಗದ ಮೇಲೆ ಹಾಡುವ ಭಾಗವತರು, ಚೆಂಡೆ ಮದ್ದಳೆಯವರು, ವೇಷಧಾರಿಗಳು ಎಲ್ಲರೂ ಕಾನೂನಿನ ಕಣ್ಣಿನಲ್ಲಿ ಪ್ರದರ್ಶಕರು. ಪ್ರದರ್ಶನವನ್ನು ಚಿತ್ರೀಕರಿಸಿ ಜನರಿಗೆ ತಲುಪಿಸುವ ಹಕ್ಕು 50 ವರ್ಷಗಳ ಕಾಲ ಅವರದು. ಹರಕೆಯಾಟ ಆಡಿಸಿದವರು ಕೂಡ ಅದರ ವಿಡಿಯೊವನ್ನು ತಮ್ಮ ವಸತಿಗೃಹದ ವೆಬ್‌ಸೈಟಿಗೆ ಹಾಕುವ ಮೊದಲು ಮೇಳವನ್ನೂ ಕಲಾವಿದರನ್ನೂ ಕೇಳಬೇಕು. ರಾತ್ರಿಯಿಡೀ ಕುಣಿದವರ ಬೆವರಿನಿಂದ ರೂಮು ಭರ್ತಿಯಾಗುವುದಾದರೆ ಅವರಿಗೂ ಒಂದು ಪಾಲು ಸಲ್ಲಬೇಕಾದುದು ನ್ಯಾಯ.

ಹೆಸರು ಮತ್ತು ಡೊಮೇನ್

ವೆಬ್‌ಸೈಟಿನ ವಿಳಾಸ ಕೊಳ್ಳಲು ಕೆಲವು ನಿಮಿಷ ಸಾಕು. ಡೊಮೇನ್ ಖಾಲಿ ಇದೆ ಎಂದ ಮಾತ್ರಕ್ಕೆ ಆ ಹೆಸರನ್ನು ಬಳಸುವ ಹಕ್ಕು ಬಂತೆಂದು ಅರ್ಥವಲ್ಲ. ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ ಪ್ರಕರಣ ಬೆಂಗಳೂರಿನಲ್ಲಿ ಶುರುವಾಯಿತು. 'ಸಿಫಿ' ಹೆಸರಿನ ಡೊಮೇನುಗಳನ್ನು 1999ರಿಂದ ಹೊಂದಿದ್ದ ಸತ್ಯಂ ಇನ್ಫೋವೇ, 2001ರಲ್ಲಿ 'ಸಿಫಿನೆಟ್' ಎಂಬ ವಿಳಾಸ ಪಡೆದ ಇನ್ನೊಂದು ಕಂಪನಿಯ ವಿರುದ್ಧ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹೋಯಿತು. 2004ರಲ್ಲಿ ಸುಪ್ರೀಂ ಕೋರ್ಟು ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆಯೇ ರಕ್ಷಣೆಯಿದೆ ಎಂದು ತೀರ್ಪಿತ್ತಿತು. ಗಿರಾಕಿಗಳು ಗೊಂದಲಗೊಂಡು ಒಬ್ಬರ ಬದಲು ಇನ್ನೊಬ್ಬರಲ್ಲಿಗೆ ಹೋಗುವಂತಾದರೆ ಅದಕ್ಕೆ ತಡೆ ಬೀಳುತ್ತದೆ.

ಹೆಸರು ಹತ್ತಿರವಿದ್ದ ಮಾತ್ರಕ್ಕೆ ಯಾವಾಗಲೂ ತಪ್ಪಾಗುವುದಿಲ್ಲ ಎಂಬುದನ್ನು 'ನಂದಿನಿ' ಪ್ರಕರಣ ತೋರಿಸುತ್ತದೆ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ 'ನಂದಿನಿ' ಹೆಸರಿನಲ್ಲಿ ಹಾಲು ಮಾರುತ್ತಿದೆ. 'ನಂದಿನಿ ಡಿಲಕ್ಸ್' ಹೋಟೆಲುಗಳು 1989ರಿಂದ ನಡೆಯುತ್ತಿವೆ. 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೋಟೆಲಿನ ಗುರುತಿಗೆ ನೋಂದಣಿಯನ್ನು ಒಪ್ಪಿತು, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು. ಸರಕು ಬೇರೆ, ಗುರುತಿನ ನೋಟ ಬೇರೆ, ಜನ ಎರಡನ್ನೂ ಬೇರೆಯಾಗಿಯೇ ಗುರುತಿಸುತ್ತಾರೆ ಎಂಬುದು ಅದಕ್ಕೆ ಆಧಾರ.

ದೇವರ ಹೆಸರಿನ ಅಂಗಡಿಗಳು ಈ ಭಾಗದಲ್ಲಿ ಹೆಜ್ಜೆಹೆಜ್ಜೆಗೂ ಇವೆ. ಮೂಕಾಂಬಿಕಾ, ಮಹಾಗಣಪತಿ, ದುರ್ಗಾಪರಮೇಶ್ವರಿ ಎಂಬ ಹೆಸರು ಹಲವರಿಗೆ ಸಲ್ಲುವಂಥದ್ದು. 'ರಾಮಾಯಣ' ಎಂಬ ಧರ್ಮಗ್ರಂಥದ ಹೆಸರನ್ನು ಒಬ್ಬ ವ್ಯಾಪಾರಿ ತನ್ನೊಬ್ಬನದೇ ಎನ್ನಲಾಗದು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಬರಿಯ 'ಕುಂದಾಪುರ' ಎಂಬ ಊರಹೆಸರಿಗೂ ಸಾಮಾನ್ಯವಾಗಿ ನೋಂದಣಿ ಸಿಗದು. ಹೆಸರಿಗೆ ಸ್ವಂತದ್ದಾದ ಒಂದು ಪದವನ್ನೋ ವಿಶಿಷ್ಟ ಲಾಂಛನವನ್ನೋ ಸೇರಿಸಿದರೆ ರಕ್ಷಣೆ ಗಟ್ಟಿಯಾಗುತ್ತದೆ.

ನೋಂದಣಿಗೆ ಮೊದಲು ಟ್ರೇಡ್‌ಮಾರ್ಕ್ ಇಲಾಖೆಯ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಸರಕು ಮತ್ತು ಸೇವೆಗಳನ್ನು ಒಟ್ಟು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಹೋಟೆಲು ವಸತಿಗಳು 43ನೇ ವರ್ಗದಲ್ಲಿ, ಸಂಸ್ಕರಿಸಿದ ಗೋಡಂಬಿ, ಒಣಮೀನು 29ರಲ್ಲಿ ಬರುತ್ತವೆ. ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ನೋಂದಣಿ 10 ವರ್ಷ ನಡೆಯುತ್ತದೆ, ಮತ್ತೆ ಮತ್ತೆ ನವೀಕರಿಸಬಹುದು. ನೋಂದಣಿ ಆಗುವ ಮೊದಲೇ ವೃತ್ತದೊಳಗಿನ 'ಆರ್' ಗುರುತನ್ನು ಹಾಕಿಕೊಳ್ಳಬಾರದು.

ಬೇರೆಯವರ ಗುರುತನ್ನು ಹೇಳಲೇಬೇಕಾದ ಸಂದರ್ಭವೂ ಇದೆ. ಹೋಂಡಾ ಸ್ಕೂಟರ್ ರಿಪೇರಿ ಮಾಡುತ್ತೇವೆ ಎಂದು ಗ್ಯಾರೇಜ್ ತನ್ನ ವೆಬ್‌ಸೈಟಿನಲ್ಲಿ ಬರೆಯಬಹುದು. ಆ ಕಂಪನಿಯ ಲಾಂಛನವನ್ನು ದೊಡ್ಡದಾಗಿ ಹಾಕಿ ಅಧಿಕೃತ ಡೀಲರ್ ಎಂಬ ಭಾವನೆ ಬರಿಸಬಾರದು.

ಊರಿನ ಹೆಸರು ಹೊತ್ತ ಸರಕು

ಉಡುಪಿ ಸೀರೆ, ಉಡುಪಿ ಮಲ್ಲಿಗೆ, ಮಟ್ಟು ಗುಳ್ಳ ಈ ಮೂರೂ ಭೌಗೋಳಿಕ ಸೂಚಕ (ಜಿಐ) ನೋಂದಣಿ ಪಡೆದ ಉಡುಪಿ ಜಿಲ್ಲೆಯ ಸರಕುಗಳು. ಮಟ್ಟು ಗುಳ್ಳಕ್ಕೆ ಅದು ಸಿಕ್ಕಿದ್ದು 2011ರಲ್ಲಿ. ಈ ಹೆಸರುಗಳು ಯಾವ ಒಬ್ಬ ವ್ಯಾಪಾರಿಯ ಸ್ವತ್ತೂ ಅಲ್ಲ; ಆ ನೆಲದಲ್ಲಿ ಬೆಳೆಯುವ, ನೇಯುವ ಸಮುದಾಯದ ಸ್ವತ್ತು. ಕೈಮಗ್ಗದಲ್ಲಿ ನೇಯ್ದ ಉಡುಪಿ ಸೀರೆಯ ಹೆಸರಿನಲ್ಲಿ ಬೇರೆಡೆಯ ಪವರ್‌ಲೂಮ್ ಸೀರೆಯನ್ನು ಆನ್‌ಲೈನ್‌ನಲ್ಲಿ ಮಾರಿದರೆ ಗಿರಾಕಿಗೂ ಮೋಸ, ನೇಕಾರರಿಗೂ ಮೋಸ, ಕಾನೂನಿನ ಉಲ್ಲಂಘನೆಯೂ ಹೌದು. ನಿಜವಾದ ಸರಕನ್ನು ಮಾರುವವರು ಅದು ಎಲ್ಲಿ, ಯಾರ ಕೈಯಲ್ಲಿ ತಯಾರಾಯಿತು ಎಂದು ಪುಟದಲ್ಲಿ ಬರೆದರೆ ಸರಕಿನ ಬೆಲೆಯೂ ನಂಬಿಕೆಯೂ ಏರುತ್ತವೆ. ಬೆಳೆಗಾರರು ಮತ್ತು ನೇಕಾರರು ಚೆನ್ನೈಯಲ್ಲಿರುವ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ಹೆಸರು ದಾಖಲಿಸಿಕೊಳ್ಳಬಹುದು.

ಮುಕ್ತವಾಗಿ ಸಿಗುವುದು

ಹಣವಿಲ್ಲದೆ, ಹಕ್ಕಿನ ತೊಡಕಿಲ್ಲದೆ ಬಳಸಬಹುದಾದ ಸಾಮಗ್ರಿಯೂ ಬೇಕಾದಷ್ಟಿದೆ. ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಯಲ್ಲಿ ಕರ್ತೃಗಳೇ ಮುಂಚಿತವಾಗಿ ಒಪ್ಪಿಗೆ ಕೊಟ್ಟಿರುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನೂ, ಲೇಖಕ ನಿರಂಜನರ ಕುಟುಂಬದವರು ಅವರ ಪುಸ್ತಕಗಳನ್ನೂ 2014ರಲ್ಲಿ ಹೀಗೆ ಬಿಡುಗಡೆ ಮಾಡಿದರು. ಮುಕ್ತ ಎಂದರೆ ಷರತ್ತಿಲ್ಲ ಎಂದಲ್ಲ. ಕರ್ತೃವಿನ ಹೆಸರು, ಪರವಾನಗಿಯ ಹೆಸರು, ಮೂಲದ ಲಿಂಕ್ ಹಾಕುವುದು ಸಾಮಾನ್ಯ ಷರತ್ತು. ಕೆಲವು ಪರವಾನಗಿಗಳು ವ್ಯಾಪಾರಕ್ಕೆ ಬಳಸಬಾರದು ಎನ್ನುತ್ತವೆ. ಅಂಥ ಚಿತ್ರ ಹೋಟೆಲಿನ ವೆಬ್‌ಸೈಟಿಗೆ ಸಲ್ಲದು.

ಅಕ್ಷರವಿನ್ಯಾಸಗಳೂ ಪರವಾನಗಿಯ ವಸ್ತುಗಳೇ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಮೊದಲಾದ ಫಾಂಟುಗಳು ಮುಕ್ತ ಪರವಾನಗಿಯಲ್ಲಿವೆ, ವ್ಯಾಪಾರದ ತಾಣಕ್ಕೂ ಸಲ್ಲುತ್ತವೆ. ಕಂಪ್ಯೂಟರಿನಲ್ಲಿ ಮೊದಲೇ ಇರುವ ಫಾಂಟನ್ನು ವೆಬ್‌ಸೈಟಿಗೆ ಏರಿಸಲು ಬೇರೆ ಪರವಾನಗಿ ಬೇಕಾಗಬಹುದು. ವರ್ಡ್‌ಪ್ರೆಸ್ ಉಚಿತ, ಮುಕ್ತ ತಂತ್ರಾಂಶ. ಹಣ ಕೊಟ್ಟು ಕೊಳ್ಳಬೇಕಾದ ಥೀಮುಗಳ ಬೀಗ ಒಡೆದ ಪ್ರತಿಗಳು ಅಲ್ಲಲ್ಲಿ ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ದುರುದ್ದೇಶದ ಕೋಡ್ ಸೇರಿಸಿರುವುದು ಹೆಚ್ಚು. ಗಿರಾಕಿಗಳ ಮಾಹಿತಿ ಸೋರಿಹೋಗುವ ಅಪಾಯವಿದೆ.

ಡಿಸೈನರ್ ಜೊತೆ ಕರಾರು

ವೆಬ್‌ಸೈಟ್ ಮಾಡಿಕೊಡುವವರು ಹೆಚ್ಚಾಗಿ ಪರಿಚಯದವರೇ ಇರುತ್ತಾರೆ. ಮಾತಿನಲ್ಲೇ ಒಪ್ಪಂದವಾಗಿ ಕೆಲಸ ನಡೆಯುತ್ತದೆ. ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದ್ದು, ಬೇರೆ ಕರಾರಿಲ್ಲದಿದ್ದರೆ, ಮಾಲೀಕರದು. ಹೊರಗಿನ ಡಿಸೈನರ್ ಬರೆದ ಕೋಡ್, ಬರೆಹಗಳ ಹಕ್ಕು ಹಣ ಕೊಟ್ಟ ನಂತರವೂ ಅವರಲ್ಲೇ ಉಳಿಯುತ್ತದೆ. ಕಾರಂತರ ಪ್ರಕರಣದಲ್ಲೂ ಮಣಿಪಾಲದ ಸಂಸ್ಥೆ, ಕಾರಂತರು ತನ್ನ ಕೇಂದ್ರದ ನಿರ್ದೇಶಕರಾಗಿದ್ದುದರಿಂದ ಹಕ್ಕು ತನ್ನದು ಎಂದು ವಾದಿಸಿತ್ತು; ಆ ವಾದ ನಿಲ್ಲಲಿಲ್ಲ. ಹಕ್ಕು ವರ್ಗಾವಣೆಯಾಗಬೇಕಾದರೆ 19ನೇ ಕಲಮಿನ ಪ್ರಕಾರ ಬರೆಹದಲ್ಲಿ ಇರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ವ್ಯಾಪ್ತಿ ಬರೆಯದಿದ್ದರೆ ಭಾರತಕ್ಕೆ ಸೀಮಿತ ಎಂದು ಕಾನೂನು ತಿಳಿಯುತ್ತದೆ.

ಕರಾರು ಒಂದೆರಡು ಪುಟದ್ದಾದರೂ ಸಾಕು. ಯಾವ ಯಾವ ಕೆಲಸದ ಹಕ್ಕು ಎಷ್ಟು ಕಾಲಕ್ಕೆ ಯಾರಿಗೆ, ಚಿತ್ರ, ಫಾಂಟು, ಥೀಮುಗಳ ಪರವಾನಗಿ ಯಾರ ಹೆಸರಿನಲ್ಲಿ, ಕದ್ದ ಸಾಮಗ್ರಿ ಬಳಸಿದರೆ ಹೊಣೆ ಯಾರದು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಡೊಮೇನ್ ಮತ್ತು ಹೋಸ್ಟಿಂಗ್ ವ್ಯಾಪಾರಿಯ ಹೆಸರಿನಲ್ಲೇ, ವ್ಯಾಪಾರಿಯ ಇಮೇಲ್‌ನಲ್ಲೇ ಇರಬೇಕು. ಇಲ್ಲದಿದ್ದರೆ ಡಿಸೈನರ್ ಊರು ಬಿಟ್ಟರೆ ವೆಬ್‌ಸೈಟೂ ಕೈಬಿಟ್ಟು ಹೋಗುತ್ತದೆ. ಬಿಲ್ಲು, ಪರವಾನಗಿ, ಒಪ್ಪಿಗೆಯ ಇಮೇಲ್, ವಾಟ್ಸಾಪ್ ಸಂದೇಶ ಎಲ್ಲವನ್ನೂ ಒಂದು ಫೋಲ್ಡರಿನಲ್ಲಿ ಕಾಪಾಡಿಕೊಳ್ಳಬೇಕು.

ನೋಟಿಸ್ ಬಂದರೆ, ನಕಲು ಕಂಡರೆ

ಉಲ್ಲಂಘನೆಯ ನೋಟಿಸ್ ಬಂದರೆ ಸುಮ್ಮನಿರುವುದು ದೊಡ್ಡ ತಪ್ಪು. ಮೊದಲು ಫೋಲ್ಡರ್ ತೆರೆದು ಪರವಾನಗಿ ಇದೆಯೇ ನೋಡಬೇಕು. ಇಲ್ಲದಿದ್ದರೆ ಆ ವಸ್ತುವನ್ನು ಕೂಡಲೇ ತೆಗೆದು, ಬರೆಹದಲ್ಲಿ ತಿಳಿಸಿ, ಮೊತ್ತದ ಮಾತಿಗೆ ಮುನ್ನ ವಕೀಲರ ಸಲಹೆ ಪಡೆಯಬೇಕು. ನಷ್ಟಪರಿಹಾರ, ತಡೆಯಾಜ್ಞೆಗಳಲ್ಲದೆ, ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ 63ನೇ ಕಲಮಿನಡಿ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಸ್ವಂತ ಫೋಟೋ, ಬರೆಹವನ್ನು ಬೇರೆಯವರು ಕದ್ದರೆ ಸ್ಕ್ರೀನ್‌ಶಾಟ್ ಮತ್ತು ದಿನಾಂಕವನ್ನು ಉಳಿಸಿಕೊಳ್ಳಬೇಕು. ಅದನ್ನು ಇರಿಸಿಕೊಂಡಿರುವ ಆನ್‌ಲೈನ್ ವೇದಿಕೆಗೆ ಲಿಖಿತ ದೂರು ಕೊಟ್ಟರೆ, 2013ರ ಕೃತಿಸ್ವಾಮ್ಯ ನಿಯಮಗಳ ಪ್ರಕಾರ 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. 21 ದಿನಗಳೊಳಗೆ ದೂರುದಾರರು ನ್ಯಾಯಾಲಯದ ಆದೇಶ ತರದಿದ್ದರೆ ವೇದಿಕೆ ಅದನ್ನು ಮತ್ತೆ ತೆರೆಯಬಹುದು. ಕೃತಿಸ್ವಾಮ್ಯ ನೋಂದಣಿಗೆ ಬರೆಹ, ಚಿತ್ರಗಳಿಗಾದರೆ 500 ರೂಪಾಯಿ ಶುಲ್ಕ. ನೋಂದಣಿ ಪತ್ರ ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಬೇರೆಯವರ ಹಕ್ಕಿಗೆ ಗೌರವ ಕೊಟ್ಟು, ಪ್ರತಿಯೊಂದಕ್ಕೂ ದಾಖಲೆ ಇಟ್ಟುಕೊಂಡ ವ್ಯಾಪಾರಿಗೆ ತನ್ನ ಹಕ್ಕನ್ನು ಸಾಧಿಸುವುದೂ ಸುಲಭ.